ಐವತ್ತೆರಡು ಎಲೆಗೆ ಐವತ್ತೆರಡು ಸಾಲು ಬೇಕೆ?



ಈ ಸಲ ಉಪ್ಪಿನಕಾಯಿ, ಹಪ್ಪಳ, ಮಕ್ಕಳ ನೆಗಡಿ ಎಲ್ಲವನ್ನೂ ಪಕ್ಕಕ್ಕಿಟ್ಟು ಬೇರೊಂದು ಮಾತು. ಶ್ರೀನಿವಾಸಪುರದ ಕಡೆಯಿಂದ ಒಬ್ಬ ತಾಯಿ ದಪ್ಪನೆಯ ಲಕೋಟೆ ಕಳಿಸಿದ್ದಾರೆ. ಅವರ ಮಗಳು ಬಿ.ಸಿ.ಎ. ಎರಡನೇ ವರ್ಷ. ಇಸ್ಪೀಟಿನ 'ಕತ್ತೆ' ಆಟವನ್ನು ಕಂಪ್ಯೂಟರಿಗೆ ಕಲಿಸುವ ಪ್ರೋಗ್ರಾಮ್ ಬರೆದಳಂತೆ. ಪಾಠ ಹೇಳುವವರು ಅದನ್ನು ನೋಡಿ, "ಇದು ವಿಪರೀತ ಗೋಜಲು, ಬಿಡಿಸಿ ಬರೆದು ತಾ" ಎಂದು ವಾಪಸು ಕೊಟ್ಟರಂತೆ. ಹುಡುಗಿ ಅಂದಿನಿಂದ ಊಟ ಸರಿಯಾಗಿ ಮಾಡುತ್ತಿಲ್ಲ. "ನನ್ನ ತಲೆಗೆ ಕಂಪ್ಯೂಟರ್ ಹತ್ತೋದಿಲ್ಲ, ಕಾಲೇಜು ಬಿಡ್ತೀನಿ" ಅನ್ನುತ್ತಾಳೆ. ಅಪ್ಪನೋ, "ಇಸ್ಪೀಟು ಕಲಿಯೋಕೆ ಫೀಸು ಬೇರೆ ಕಟ್ಟಬೇಕಾ? ಗಂಡು ನೋಡ್ತೀನಿ" ಅನ್ನುತ್ತಾರೆ. "ನೀವೇ ಏನಾದರೂ ಹೇಳಿ" ಎಂದು ತಾಯಿ ಕೇಳಿದ್ದಾರೆ. ಮಗಳು ಬರೆದ ಅಷ್ಟೂ ಪುಟ ಲಕೋಟೆಯಲ್ಲಿದೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಕಂಪ್ಯೂಟರಿನ ಭಾಷೆ ನನಗೆ ಬಾರದು. ಆದರೆ ನಮ್ಮಕ್ಕನ ಮಗಳು ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಇದೇ ಕೆಲಸ ಮಾಡುತ್ತಾಳೆ. ಭಾನುವಾರ ಅವಳನ್ನು ಕೂರಿಸಿಕೊಂಡು ಒಂದೊಂದು ಸಾಲಿಗೂ 'ಇದು ಯಾಕೆ, ಇದು ಏನು' ಎಂದು ಕೇಳಿ ತಿಳಿದುಕೊಂಡೆ. ಕೇಳಿದ ಮೇಲೆ ಅನ್ನಿಸಿತು, ಇದು ಆ ಹುಡುಗಿಗೆ ಮಾತ್ರವಲ್ಲ, ಕಂಪ್ಯೂಟರ್ ಓದುವ ಮಕ್ಕಳಿರುವ ಎಲ್ಲ ತಾಯಂದಿರಿಗೂ ಬೇಕಾದ ಮಾತು ಅಂತ.

ಮೊದಲಿಗೆ, ಆ ಹುಡುಗಿ ಏನು ಮಾಡಿದ್ದಾಳೆ ನೋಡೋಣ. ಇಸ್ಪೀಟಿನಲ್ಲಿ 52 ಎಲೆ. ಅವಳು ಪ್ರತಿ ಎಲೆಗೂ ಒಂದು ಸಾಲು ಬರೆದಿದ್ದಾಳೆ: ಇದು ಇಸ್ಪೀಟಿನ ಎರಡಾದರೆ ಈ ಹೆಸರು ತೋರಿಸು, ಮೂರಾದರೆ ಈ ಹೆಸರು ತೋರಿಸು, ಹೀಗೆ ಐವತ್ತೆರಡು 'ಹೀಗಿದ್ದರೆ'. ಆಮೇಲೆ ಯಾವ ಎಲೆ ದೊಡ್ಡದು ಎಂದು ನೋಡಲು ಇಸ್ಪೀಟಿಗೊಂದು, ಆಟಿನ್‌ಗೊಂದು, ಡೈಮಂಡಿಗೊಂದು, ಕಳಾವರಿಗೊಂದು ಅಂತ ನಾಲ್ಕು ಬೇರೆ ಬೇರೆ ಭಾಗ. ನಾಲ್ಕರಲ್ಲೂ ಇರುವುದು ಒಂದೇ ಲೆಕ್ಕ. ಒಂದನ್ನು ಬರೆದು ಮೂರು ಸಲ ನಕಲು ತೆಗೆದದ್ದು.

ಅದರಿಂದ ಏನಾಯಿತು ಗೊತ್ತೇ? ಮೊದಲ ಸಲ ಬರೆಯುವಾಗ ಗುಲಾಮನ ಬೆಲೆ 11 ಎಂದು ಹಾಕುವ ಕಡೆ ಬರೀ 1 ಎಂದು ಬಿದ್ದಿದೆ. ನಕಲಿನ ಜೊತೆ ತಪ್ಪೂ ನಾಲ್ಕು ಕಡೆ ಹೋಗಿದೆ. ಆಮೇಲೆ ಕಂಡುಹಿಡಿದು ಮೂರು ಕಡೆ ತಿದ್ದಿದ್ದಾಳೆ, ಕಳಾವರಿನಲ್ಲಿ ಉಳಿದುಹೋಗಿದೆ. ಹಾಗಾಗಿ ಕಳಾವರಿನ ಹತ್ತು ಕಳಾವರಿನ ಗುಲಾಮನನ್ನೇ ಹೊಡೆಯುತ್ತದೆ! ಬೇರೆ ಮೂರು ಬಣ್ಣದಲ್ಲಿ ಎಲ್ಲ ಸರಿ. ಹುಡುಗಿ ಮೂರು ದಿನ ಹುಡುಕಿದರೂ ಸಿಕ್ಕಿಲ್ಲ. ಅಷ್ಟು ಪುಟಗಳ ನಡುವೆ ಒಂದು ಅಂಕಿ ಹೇಗೆ ಸಿಕ್ಕೀತು ಹೇಳಿ? ಗೋಜಲು ನೋಡಲು ಚೆನ್ನಾಗಿಲ್ಲ ಎನ್ನುವುದು ದೊಡ್ಡ ದೂರಲ್ಲ. ತಪ್ಪು ಅಡಗಿ ಕೂರುವುದಕ್ಕೆ ಅದು ಜಾಗ ಮಾಡಿಕೊಡುತ್ತದೆ, ಅದೇ ದೂರು.

ಹಾಗಾದರೆ ಬಿಡಿಸುವುದು ಹೇಗೆ? ನಮ್ಮೂರುಗಳ ಲೆಕ್ಕದಲ್ಲೇ ಹೇಳುತ್ತೇನೆ, ಕೇಳಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕು ಊರು, ಒಂದೊಂದು ಊರಿನಲ್ಲಿ 13 ಮನೆ ಅಂದುಕೊಳ್ಳಿ. ಒಟ್ಟು 52. ಕೋಲಾರದ ಮೊದಲ ಮನೆಗೆ ಸೊನ್ನೆ, ಎರಡನೆಯದಕ್ಕೆ 1, ಹೀಗೆ ಒಂದೇ ಸಮನೆ ನಂಬರು ಕೊಡುತ್ತ ಹೋದರೆ ಶ್ರೀನಿವಾಸಪುರದ ಕೊನೆಯ ಮನೆಗೆ 51. ಈಗ ಟಪಾಲಿನವನ ಕೈಗೆ 30 ಎಂಬ ನಂಬರು ಬಂತು. ಅವನು 13ರಿಂದ ಭಾಗಿಸುತ್ತಾನೆ. ಎರಡು ಸಲ ಹೋಗುತ್ತದೆ, 4 ಉಳಿಯುತ್ತದೆ. ಊರಿನ ಎಣಿಕೆಯೂ ಸೊನ್ನೆಯಿಂದಲೇ: ಕೋಲಾರ ಸೊನ್ನೆ, ಮಾಲೂರು 1, ಮುಳಬಾಗಿಲು 2. ಭಾಗಲಬ್ಧ ಊರನ್ನು ಹೇಳಿತು, ಶೇಷ ಮನೆಯನ್ನು ಹೇಳಿತು. ಮುಳಬಾಗಿಲಿನ ಐದನೇ ಮನೆ! ಐವತ್ತೆರಡು ವಿಳಾಸ ಬಾಯಿಪಾಠ ಮಾಡುವ ಕಷ್ಟ ಅವನಿಗಿಲ್ಲ.

ಎಲೆಗಳಿಗೂ ಹೀಗೇ. ಊರು ಅಂದರೆ ಬಣ್ಣ, ಮನೆ ಅಂದರೆ ಬೆಲೆ. ಕತ್ತೆ ಆಟದಲ್ಲಿ ಎರಡು ಚಿಕ್ಕದು, ಎಕ್ಕ ದೊಡ್ಡದು. ಆದ್ದರಿಂದ ಎರಡಕ್ಕೆ ಮೊದಲ ಮನೆ, ಎಕ್ಕಕ್ಕೆ ಕೊನೆಯ ಮನೆ. ಹಾಗೆ ಲೆಕ್ಕ ಹಾಕಿದರೆ 30 ಅಂದರೆ ಡೈಮಂಡಿನ ಆರು. ಒಂದೇ ಬಣ್ಣದ ಎರಡು ಎಲೆ ಬಂದರೆ ಯಾವುದರ ನಂಬರು ದೊಡ್ಡದೋ ಅದೇ ದೊಡ್ಡ ಎಲೆ. ಕಳಾವರಿನ ಹತ್ತು 47, ಗುಲಾಮ 48. ಗುಲಾಮ ತಾನಾಗಿಯೇ ಗೆಲ್ಲುತ್ತಾನೆ. ನಾಲ್ಕು ಭಾಗ ಹೋಗಿ ಒಂದು ಸಾಲು ಉಳಿಯಿತು, ತಪ್ಪು ಅಡಗಲು ಮೂಲೆಯೇ ಇಲ್ಲ. ಹೆಸರು ತೋರಿಸಲು ನಾಲ್ಕು ಬಣ್ಣದ ಒಂದು ಪಟ್ಟಿ, ಹದಿಮೂರು ಬೆಲೆಯ ಒಂದು ಪಟ್ಟಿ, ಅಷ್ಟು ಸಾಕು.

ಗೋಜಲನ್ನು ಅಳೆಯುವುದಕ್ಕೂ ಒಂದು ಅಳತೆಪಾವು ಇದೆಯಂತೆ. ಥಾಮಸ್ ಮೆಕೇಬ್ ಎಂಬ ಅಮೆರಿಕದವರು 1976ರಲ್ಲಿ ಹೇಳಿದ್ದು: ಪ್ರೋಗ್ರಾಮಿನ ಒಂದು ಭಾಗದಲ್ಲಿ ಎಷ್ಟು 'ಹೀಗಿದ್ದರೆ' ಬರುತ್ತದೋ ಎಣಿಸಿ, ಅದಕ್ಕೆ ಒಂದು ಕೂಡಿಸಿ. ಉತ್ತರ 10 ದಾಟಿದರೆ ಆ ಭಾಗವನ್ನು ಒಡೆದು ಸಣ್ಣದು ಮಾಡುವುದು ಒಳ್ಳೆಯದು. ನಮ್ಮ ಹುಡುಗಿಯ ಹೆಸರು ತೋರಿಸುವ ಭಾಗಕ್ಕೆ 53 ಬರುತ್ತದೆ. ಪಟ್ಟಿ ಇಟ್ಟುಕೊಂಡು ಭಾಗಿಸಿದರೆ ಒಂದು. ಐವತ್ಮೂರು ಎಲ್ಲಿ, ಒಂದು ಎಲ್ಲಿ!

ಇನ್ನು ಎಲೆ ಕಲೆಸುವುದು. ಅವಳ ಉಪಾಯ ಹೀಗಿದೆ: ಯಾವುದೋ ಒಂದು ನಂಬರು ಆರಿಸು, ಆ ಎಲೆ ಆಗಲೇ ಬಂದಿದ್ದರೆ ಬಿಡು, ಇನ್ನೊಂದು ಆರಿಸು. ಮೊದಮೊದಲು ಸಲೀಸು. ಕೊನೆಯ ಒಂದೇ ಎಲೆ ಉಳಿದಾಗ ಅದೇ ಸಿಗುವ ತನಕ ಆರಿಸುತ್ತಲೇ ಇರಬೇಕು, ಸರಾಸರಿ 52 ಸಲ. ಒಟ್ಟು 52 ಎಲೆಗೆ ಸುಮಾರು 236 ಸಲ ಕೈ ಹಾಕಿದಂತಾಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಎಲೆ ಸರಿಯಾಗಿಯೇ ಕಲೆಯುತ್ತದೆ. ದಾರಿ ಮಾತ್ರ ಸುತ್ತು.

ನೇರ ದಾರಿಯನ್ನು ಫಿಶರ್ ಮತ್ತು ಯೇಟ್ಸ್ ಎಂಬ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರು 1938ರಲ್ಲೇ ಹೇಳಿದ್ದರು. ಅದನ್ನು ಕಂಪ್ಯೂಟರಿಗೆ ಒಗ್ಗಿಸಿ 1964ರಲ್ಲಿ ಪ್ರಕಟಿಸಿದವರು ರಿಚರ್ಡ್ ಡರ್‌ಸ್ಟನ್‌ಫೆಲ್ಡ್. 52 ಎಲೆಯನ್ನೂ ಸಾಲಾಗಿಡಿ. ಕೊನೆಯ ಎಲೆಯನ್ನು ಎಲ್ಲ 52ರಲ್ಲಿ ಯಾವುದಾದರೂ ಒಂದರ ಜೊತೆ ಅದಲು ಬದಲು ಮಾಡಿ (ಅದೇ ಎಲೆ ಬಂದರೆ ಇದ್ದಲ್ಲೇ ಇರಲಿ). ಈಗ ಕೊನೆಯದನ್ನು ಮುಟ್ಟಬೇಡಿ. 51ನೆಯದನ್ನು ಮೊದಲ 51ರಲ್ಲಿ ಒಂದರ ಜೊತೆ, ಹೀಗೆ ಹಿಂದಕ್ಕೆ ಬನ್ನಿ. 51 ಹೆಜ್ಜೆಗೆ ಕೆಲಸ ಮುಗಿಯಿತು.

ಆದರೆ ಸರಳ ಮಾಡುತ್ತೇನೆಂದು ಮನಸ್ಸಿಗೆ ಬಂದಂತೆ ಕತ್ತರಿಸಲೂಬಾರದು. 'ಪ್ರತಿ ಸಲವೂ 52ರಲ್ಲೇ ಒಂದರ ಜೊತೆ ಬದಲಿಸಿದರೆ ಇನ್ನೂ ಸುಲಭವಲ್ಲವೇ' ಎಂದು ನಾನು ಕೇಳಿದೆ. ಅಕ್ಕನ ಮಗಳು ಮೂರೇ ಎಲೆ ಇಟ್ಟು ಲೆಕ್ಕ ತೋರಿಸಿದಳು. ಮೂರು ಎಲೆಯನ್ನು ಜೋಡಿಸುವ ರೀತಿ 6. ನಾನು ಹೇಳಿದಂತೆ ಮಾಡಿದರೆ ಆಗುವ ದಾರಿಗಳು 3 ಮೂರಲೆ 9, 9 ಮೂರಲೆ 27. ಇಪ್ಪತ್ತೇಳನ್ನು ಆರು ಜನಕ್ಕೆ ಸಮನಾಗಿ ಹಂಚಲಾದೀತೇ? ಕೆಲವು ಜೋಡಣೆ ಹೆಚ್ಚು ಸಲ ಬರುತ್ತವೆ, ಕೆಲವು ಕಡಿಮೆ. ಇಂಟರ್ನೆಟ್ಟಿನಲ್ಲಿ ಪೋಕರ್ ಆಡಿಸುತ್ತಿದ್ದ ಒಂದು ಪ್ರೋಗ್ರಾಮಿನ ಕಲೆಸುವ ಭಾಗದಲ್ಲಿ ಇಂಥ ದೋಷವೇ ಇತ್ತೆಂದು 1999ರಲ್ಲಿ ತಜ್ಞರು ತೋರಿಸಿಕೊಟ್ಟರಂತೆ.

ಹಾಗಾದರೆ ಯಾವ ಗಂಟು ಇರಬೇಕು, ಯಾವ ಗಂಟು ಬಿಡಿಸಬೇಕು? ಇದಕ್ಕೆ ನಮ್ಮ ಮೈಸೂರಿನ ಗಂಜೀಫವೇ ಉತ್ತರ ಹೇಳುತ್ತದೆ. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರ, ಒಂದೊಂದಕ್ಕೆ 12 ಎಲೆ, ಒಟ್ಟು 120. ಐದು ಅವತಾರಗಳಲ್ಲಿ ರಾಜ, ಮಂತ್ರಿ ಬಿಟ್ಟರೆ ಹತ್ತು ದೊಡ್ಡದು, ಇನ್ನೈದರಲ್ಲಿ ಒಂದು ದೊಡ್ಡದು. ಇದು ಆಟದ್ದೇ ಗಂಟು. ಇದನ್ನು ತೆಗೆದರೆ ಆಟವೇ ಉಳಿಯದು. ಆದರೆ ಅದಕ್ಕೆ 120 ಸಾಲು ಬೇಡ, 'ಈ ಐದರಲ್ಲಿ ಎಣಿಕೆ ತಿರುವುಮುರುವು' ಎಂಬ ಒಂದು ನಿಯಮ ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) 'ಶ್ರೀತತ್ತ್ವನಿಧಿ'ಯಲ್ಲಿ 36 ಎಲೆಯಿಂದ 360 ಎಲೆಯವರೆಗಿನ ಗಂಜೀಫ ಆಟಗಳಿವೆ. ಅರಮನೆಯ ಆ ತೊಡಕಿನ ಆಟಗಳು ಹೊರಗಿನ ಜಗಲಿಗಳಿಗೆ ಇಳಿದು ಬಂದದ್ದು ಕಾಣೆವು. ಆಟ ತಾನೇ ತಂದ ತೊಡಕನ್ನು ಒಪ್ಪಿಕೊಳ್ಳಬೇಕು. ಬರೆಯುವವರು ಮೇಲಿಂದ ಹೇರಿದ ತೊಡಕನ್ನು ಇಳಿಸಬೇಕು.

ಈಗ ಆ ಮಗುವಿಗೆ ಎರಡು ಮಾತು. ನೀನು ದಡ್ಡಿಯಲ್ಲ ಕಣಮ್ಮಾ. ದಡ್ಡಿಯಾಗಿದ್ದರೆ ಅಷ್ಟು ದೊಡ್ಡ ಆಟ ಒಂದು ಗುಲಾಮನ ಹೊರತು ಸರಿಯಾಗಿ ನಡೆಯುತ್ತಿರಲಿಲ್ಲ. ಮೊದಲ ಸಲ ಎಲ್ಲರೂ ಹೀಗೇ ಉದ್ದುದ್ದ ಬರೆಯುತ್ತಾರಂತೆ, ನಮ್ಮಕ್ಕನ ಮಗಳ ಆಫೀಸಿನಲ್ಲಿ ಸಂಬಳ ತಗೊಳ್ಳುವವರೂ ಬರೆಯುತ್ತಾರಂತೆ. 'ಬಿಡಿಸಿ ಬರೆ' ಅಂದರೆ 'ನಿನಗೆ ಬರುವುದಿಲ್ಲ' ಅಂತಲ್ಲ. ಬಿಡಿಸುವಾಗ ಈ ಕ್ರಮ ಹಿಡಿ:

ಹಳೆಯದರ ಒಂದು ಪ್ರತಿ ಹಾಗೇ ಎತ್ತಿಟ್ಟುಕೋ. ಉತ್ತರ ಗೊತ್ತಿರುವ ಹತ್ತು ಕೈಗಳನ್ನು ಕಾಗದದ ಮೇಲೆ ಬರೆದಿಡು, ಕಳಾವರಿನ ಹತ್ತು ಮತ್ತು ಗುಲಾಮ ಅದರಲ್ಲಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಮಾಡಿದ ಕೂಡಲೇ ಹತ್ತೂ ಕೈ ಆಡಿಸಿ ನೋಡು. ಒಂದೇ ಲೆಕ್ಕ ಎರಡು ಕಡೆ ಕಂಡರೆ ಒಂದು ಮಾಡು. ನೀನು 'ಎ1, ಎ2, ಎಕ್ಸ್7' ಎಂದೆಲ್ಲ ಹೆಸರಿಟ್ಟಿದ್ದೀಯ. ಚೀಟಿ ಅಂಟಿಸದ ಡಬ್ಬಗಳಲ್ಲಿ ಧನಿಯಾ ಪುಡಿ ಯಾವುದು, ಸಾರಿನ ಪುಡಿ ಯಾವುದು? 'ಎಲೆ', 'ಬಣ್ಣ', 'ಬೆಲೆ' ಎಂದು ಹೆಸರಿಡು. ನಾಳೆ ಇನ್ನೊಬ್ಬರು ತೆರೆದರೂ ತಿಳಿಯಬೇಕು.

ತಂದೆಯವರಿಗೂ ಒಂದು ವಿನಂತಿ. ಜೂಜಿನ ಭಯ ನಿಮಗಿರುವುದು ನ್ಯಾಯವೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರಲ್ಲಿ ಸಂಸತ್ತೇ ಮಾಡಿತು. ಆದರೆ ನಿಮ್ಮ ಮಗಳು ಆಡುತ್ತಿಲ್ಲ, ಆಟವನ್ನು ಲೆಕ್ಕಕ್ಕೆ ಇಳಿಸುತ್ತಿದ್ದಾಳೆ. ನಿಯಮ ಎಲ್ಲರಿಗೂ ಗೊತ್ತು, ಎಲೆಗೆ ಮಿತಿ ಇದೆ, ತಪ್ಪಾದರೆ ತಕ್ಷಣ ಕಾಣುತ್ತದೆ. ಅದಕ್ಕೇ ಕಲಿಯುವವರಿಗೆ ಇಂಥ ಆಟವನ್ನು ಕೊಡುತ್ತಾರೆ. ನಾಳೆ ಇದೇ ಭಾಗಾಕಾರ ಬ್ಯಾಂಕಿನ ಲೆಕ್ಕಕ್ಕೋ, ನಿಮ್ಮದೇ ಮಾವಿನ ಮಂಡಿಯ ಲೆಕ್ಕಕ್ಕೋ ಬರುತ್ತದೆ. ಒಂದು ಪ್ರೋಗ್ರಾಮ್ ಉದ್ದವಾಯಿತೆಂದು ಓದು ಬಿಡಿಸಿ ಗಂಡು ಹುಡುಕಬೇಡಿ. ಡಿಗ್ರಿಗೆ ಇನ್ನು ಒಂದೂವರೆ ವರ್ಷವೂ ಇಲ್ಲ.

ಸೋದರಿಯರೇ, ನಿಮ್ಮ ಮನೆಯಲ್ಲೂ ಹೀಗೆ ಮುಖ ಸಪ್ಪೆ ಮಾಡಿಕೊಂಡ ಮಗುವಿದ್ದರೆ, 'ನನಗೇನು ಗೊತ್ತಾಗುತ್ತೆ' ಎಂದು ಎದ್ದು ಹೋಗಬೇಡಿ. ಪಕ್ಕದಲ್ಲಿ ಕುಳಿತು, 'ಈ ಸಾಲು ಯಾಕೆ ಬರೆದೆ, ನನಗೆ ಹೇಳು' ಅನ್ನಿ. ನಮಗೆ ತಿಳಿಯುವಂತೆ ಹೇಳಲು ಹೊರಟಾಗ, ಬೇಡದ ಸಾಲು ಯಾವುದೆಂದು ಅವರಿಗೇ ತಿಳಿದುಬಿಡುತ್ತದೆ. ಅದಕ್ಕೆ ನಾವು ಕಂಪ್ಯೂಟರ್ ಕಲಿತಿರಬೇಕಾಗಿಲ್ಲ, ಕೇಳುವ ತಾಳ್ಮೆ ಇದ್ದರೆ ಸಾಕು. ಏನಂತೀರಿ?