"ಎಲ್ಲಾ ಹೋಗಿದೆ ಸಾರ್, ಗುಜರಿಗೆ ಹಾಕಿ"

ಹಳೇ ಗಾಡಿ ಇಟ್ಕೊಂಡಿರೋರು ಒಮ್ಮೆಯಾದ್ರೂ ಕೇಳಿರೋ ಮಾತು ಇದು. ಹೇಳೋಕೆ ಅರ್ಧ ನಿಮಿಷ ಸಾಕು. ನನ್ನ ತಕರಾರು ಇರೋದೇ ಅಲ್ಲಿ. ಎಂಜಿನ್ ಬಿಚ್ಚದೆ, ಅಳತೆ ಮಾಡದೆ ಹೇಳಿದ ಮಾತಿಗೆ ಏನು ಬೆಲೆ? ನಾವು ಸಾಫ್ಟ್‌ವೇರ್‌ನವರು ಲಾಗ್ ನೋಡದೆ "ಸರ್ವರ್ ಸತ್ತೋಗಿದೆ" ಅಂದ್ರೆ ಮ್ಯಾನೇಜರ್ ಸುಮ್ನೆ ಬಿಡ್ತಾರಾ!

ನಮ್ಮ ದೊಡ್ಡಪ್ಪನ ಯೆಜ್ಡಿ ತಿಪಟೂರಿನ ಹತ್ತಿರ ತೋಟದ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ನಿಂತಿತ್ತು. ಅದನ್ನ ಟೆಂಪೋದಲ್ಲಿ ವೈಟ್‌ಫೀಲ್ಡ್‌ಗೆ ತಂದಾಗ ಕಿಕ್ಕರ್ ಒಂದಿಂಚೂ ಅಲುಗಲಿಲ್ಲ. ಒಂದು ಗ್ಯಾರೇಜಿನವರು ಮೇಲೆ ಹೇಳಿದ ಡೈಲಾಗ್ ಹೊಡೆದು, ಜೊತೆಗೆ "ಬೇರೆ ಎಂಜಿನ್ ಕೂರಿಸಿ ಕೊಡ್ತೀವಿ" ಅಂದ್ರು.

ಟೂ ಸ್ಟ್ರೋಕ್ ಎಂಜಿನ್ ಯಾಕೆ ಹೀಗೆ ಬೇಗ ಕಟ್ಕೊಳ್ಳುತ್ತೆ ಅಂದ್ರೆ, ಅದರ ಕ್ರ್ಯಾಂಕ್ ಆಯಿಲ್‌ನಲ್ಲಿ ಮುಳುಗಿರೋದಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಅದಕ್ಕೆ ಗತಿ. ಗಾಡಿ ನಿಂತ್ರೆ ಪೆಟ್ರೋಲ್ ಆರುತ್ತೆ, ಆಯಿಲ್ ಪದರ ಇಳಿದುಹೋಗುತ್ತೆ, ಪೋರ್ಟುಗಳ ಮೂಲಕ ತೇವದ ಗಾಳಿ ಒಳಗೆ ಬರುತ್ತೆ. ನೀರು ಕ್ರ್ಯಾಂಕ್ ಕೇಸಿನ ತಳದಲ್ಲಿ ನಿಲ್ಲುತ್ತೆ. ಗೇರ್ ಬಾಕ್ಸಿಗೆ ಮಾತ್ರ ಬೇರೆ ಆಯಿಲ್ ಇರೋದ್ರಿಂದ ಅದು ಸಾಮಾನ್ಯವಾಗಿ ಬಚಾವ್. ದೊಡ್ಡಪ್ಪನ ಗಾಡಿಯ ಗೇರುಗಳು ಹೊಸದರ ಹಾಗೇ ಇದ್ವು. ಎಲ್ಲಾ ಹೋಗಿದೆ ಅಂದಿದ್ರಲ್ಲ, ಅದೇ ಎಂಜಿನ್!

ಸಿಕ್ಕಿಕೊಂಡ ಪಿಸ್ಟನ್ ಮೇಲೆ ಸುತ್ತಿಗೆ ಬಿಡೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ. ಪಿಸ್ಟನ್ ತೂತಾಗುತ್ತೆ, ಇಲ್ಲಾ ಕನೆಕ್ಟಿಂಗ್ ರಾಡ್ ಬಾಗುತ್ತೆ. ಪ್ಲಗ್ ತೂತಿಂದ ಡೀಸೆಲ್ ಮತ್ತೆ ಎಟಿಎಫ್ ಬೆರೆಸಿ ಹಾಕಿ ದಿನಗಟ್ಟಲೆ ಬಿಡಬೇಕು. ಒಂಬತ್ತನೇ ದಿನ ಬಿಡ್ತು.

ಆಮೇಲೆ ಒಂದೊಂದೇ ಭಾಗ ನೋಡಬೇಕು. ತುಕ್ಕು ಅಂದ ತಕ್ಷಣ ಎಲ್ಲಾ ಒಂದೇ ಅಲ್ಲ. ಒರೆಸಿದ್ರೆ ಹೋಗೋ ಕೆಂಪು ಪುಡಿ ಬೇರೆ, ಲೋಹವನ್ನ ತಿಂದು ಮಾಡಿದ ಗುಳಿ ಬೇರೆ. ಉಗುರು ಎಳೀರಿ, ಸಿಕ್ಕಿಕೊಂಡ್ರೆ ಗುಳಿ. ಆದ್ರೆ ಗುಳಿ ಎಲ್ಲಿದೆ ಅನ್ನೋದು ಇನ್ನೂ ಮುಖ್ಯ. ಬೇರಿಂಗಿನ ಓಟದ ದಾರಿಯಲ್ಲಿ ಸಾಸಿವೆಯಷ್ಟು ಗುಳಿ ಇದ್ರೂ ಎಸೀರಿ, ಅದ್ರಲ್ಲಿ ಜಿಪುಣತನ ಬೇಡ. ಕ್ರ್ಯಾಂಕಿನ ಎರಡು ದಪ್ಪ ಚಕ್ರಗಳ ಮೇಲಿನ ತುಕ್ಕು ನೋಡೋಕೆ ಭಯಂಕರ, ಆದ್ರೆ ಅಲ್ಲಿ ಏನೂ ಉಜ್ಜೋದಿಲ್ಲ, ತೊಳೆದು ಇಟ್ಕೊಳ್ಳಿ. ಆಯಿಲ್ ಸೀಲ್ ಕೂರೋ ಜಾಗದಲ್ಲಿ ಗುಳಿ ಬಿದ್ದಿದ್ರೆ ಮಾತ್ರ ಕಷ್ಟ, ಗಾಳಿ ಎಳೆಯುತ್ತೆ. ಅದನ್ನೂ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಬಹುದು.

ತುಕ್ಕು ತೆಗೆಯೋಕೆ ಆಸಿಡ್ ಬೇಡ. ಗಟ್ಟಿ ಮಾಡಿದ ಉಕ್ಕಿನೊಳಗೆ ಹೈಡ್ರೋಜನ್ ನುಗ್ಗಿ ಆಮೇಲೆ ಬಿರುಕು ಬಿಡೋ ಅಪಾಯ ಇದೆ. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು, ಎರಡು ವಾರ. ವಾಸನೆಗೆ ಪಕ್ಕದ ಮನೆಯವರು ಬೈತಾರೆ, ಅದು ಬೇರೆ ವಿಷಯ. ಆದ್ರೆ ಅಲ್ಯೂಮಿನಿಯಂ ಭಾಗಗಳನ್ನ ಅದರಲ್ಲಿ ಹಾಕಬೇಡಿ, ತಿಂದುಬಿಡುತ್ತೆ.

ಸಿಲಿಂಡರ್ ತಗೊಂಡು ಪೀಣ್ಯಕ್ಕೆ ಹೋದೆ. ಅಲ್ಲಿ ಇನ್ನೂ ಎಚ್ಎಂಟಿ ಲೇತ್ ಓಡಿಸೋ ಸಣ್ಣ ಶೆಡ್‌ಗಳಿವೆ. ಜಾಲಹಳ್ಳಿಯಲ್ಲಿ 1953ರಲ್ಲಿ ಶುರುವಾದ ಕಂಪನಿಯ ಮೆಷಿನ್ನುಗಳು! ಅಲ್ಲಿನ ಯಜಮಾನರು ಮಾತಾಡಲೇ ಇಲ್ಲ, ಮೊದಲು ಬೋರ್ ಗೇಜ್ ಇಳಿಸಿದ್ರು. ಮೇಲೆ, ನಡುವೆ, ಕೆಳಗೆ, ಅಡ್ಡ, ಉದ್ದ, ಎಲ್ಲಾ ಅಳೆದು ಚೀಟಿಯಲ್ಲಿ ಬರೆದ್ರು. "ಐವತ್ತರಲ್ಲಿ ಕ್ಲೀನ್ ಆಗುತ್ತೆ" ಅಂದ್ರು. ಅಂದ್ರೆ ಅರ್ಧ ಮಿಲಿಮೀಟರ್ ದೊಡ್ಡ ಬೋರ್, ಅದಕ್ಕೆ ತಕ್ಕ ಪಿಸ್ಟನ್. ಒಂದು ನಂಬರ್ ಹೇಳಿದ್ರು ನೋಡಿ, ನಂಗೆ ಬೇಕಾಗಿದ್ದು ಅದೇ.

ಈ ಭಾಗ್ಯ ಎಲ್ಲಾ ಎಂಜಿನ್ನಿಗೂ ಇಲ್ಲ. ಮಾಜ್ದಾ ಕಾರುಗಳಲ್ಲಿ ಬಂದ ವಾಂಕೆಲ್ ರೋಟರಿ ಎಂಜಿನ್ ತಗೊಳ್ಳಿ (ನಮ್ಮ ಡಿಆರ್‌ಡಿಒದ ನಿಶಾಂತ್ ಅನ್ನೋ ಪೈಲಟ್ ಇಲ್ಲದ ವಿಮಾನ ಕೂಡ 2009ರಲ್ಲಿ ಕೋಲಾರದ ಹತ್ತಿರ ದೇಶೀ ವಾಂಕೆಲ್ ಎಂಜಿನ್ನಿನಲ್ಲಿ ಹಾರಿತ್ತು). ಅದರೊಳಗೆ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತೆ. ಪಕ್ಕದ ಕಬ್ಬಿಣದ ಪ್ಲೇಟುಗಳ ತುಕ್ಕನ್ನ ಸ್ವಲ್ಪ ಮಟ್ಟಿಗೆ ಉಜ್ಜಿ ಸಮ ಮಾಡಬಹುದು. ಆದ್ರೆ ರೋಟರಿನ ಮೂಲೆಯ ಸೀಲ್ ಓಡೋ ಗೋಡೆ ದುಂಡಗಿಲ್ಲ, ನಡುವೆ ಸೊಂಟ ಇರೋ ಆಕಾರ, ಮೇಲೆ ಕ್ರೋಮ್ ಲೇಪ. ಕ್ರೋಮ್ ಎದ್ರೆ ಮುಗೀತು. ಬೋರ್ ಮಾಡಿಸೋಣ ಅಂದ್ರೆ ಅದಕ್ಕೆ ದೊಡ್ಡ ಸೈಜಿನ ರೋಟರ್ ಸಿಗಲ್ಲ. ಅಂಥ ಎಂಜಿನ್ ಬಗ್ಗೆ "ಹೋಗಿದೆ" ಅಂದ್ರೆ ಒಪ್ಪಬಹುದು. ದುಂಡಗಿನ ಸಿಲಿಂಡರಿಗೆ ಹಾಗನ್ನೋದು ಬರೀ ಸೋಮಾರಿತನ.

ಬೇರೆ ಎಂಜಿನ್ ಹಾಕಿಸಿದ್ರೆ ಏನಾಯ್ತು ಅಂತ ಕೇಳ್ತೀರಾ? ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. 2022ರಲ್ಲಿ ಮತ್ತೆ ಬಂದ ಯೆಜ್ಡಿ ಫೋರ್ ಸ್ಟ್ರೋಕ್, ಅದರ ಭಾಗ ಇದಕ್ಕೆ ಆಗಲ್ಲ. ಮಾರ್ಕೆಟ್‌ನಲ್ಲಿ ಸಿಗೋ ನಕಲಿ ಭಾಗಗಳಿಗಿಂತ ತುಕ್ಕು ತೊಳೆದ ಮೈಸೂರಿನ ಉಕ್ಕೇ ವಾಸಿ ಅಂತ ನನ್ನ ಅಭಿಪ್ರಾಯ. ಇನ್ನೊಂದು, 2021ರ ವಿಂಟೇಜ್ ನಿಯಮ. 50 ವರ್ಷ ದಾಟಿದ ಗಾಡಿಯನ್ನ ವಿಂಟೇಜ್ ಅಂತ ನೋಂದಾಯಿಸಬೇಕಂದ್ರೆ ಅದು ಮೂಲ ರೂಪದಲ್ಲೇ ಇರಬೇಕು, ಎಂಜಿನ್ ಬದಲಾಯಿಸಿ ತಿದ್ದಿರಬಾರದು. ದೊಡ್ಡಪ್ಪನದು 1979ರದ್ದು. ಈಗ ಅರ್ಧ ನಿಮಿಷದ ಮಾತು ಕೇಳಿ ಎಂಜಿನ್ ನಂಬರ್ ಇರೋ ಕೇಸನ್ನೇ ಗುಜರಿಗೆ ಹಾಕಿದ್ರೆ, 2029ಕ್ಕೆ ಆರ್‌ಟಿಒ ಮುಂದೆ ಏನು ತೋರಿಸೋದು?

ಕೊನೆಗೆ ಹೋಗಿದ್ದು ಇಷ್ಟೇ: ಪಿಸ್ಟನ್, ರಿಂಗು, ಬೇರಿಂಗು, ಸೀಲು, ಕನೆಕ್ಟಿಂಗ್ ರಾಡಿನ ಕಿಟ್ಟು. ಕ್ರ್ಯಾಂಕ್ ಚಕ್ರ, ಕೇಸು, ಸಿಲಿಂಡರ್, ಎಲ್ಲಾ ಗೇರು ಹಳೇವೇ. ಕ್ರ್ಯಾಂಕ್ ಪ್ರೆಸ್ ಮಾಡಿ, ಡಯಲ್ ಗೇಜ್ ಇಟ್ಟು ನೇರ ಮಾಡೋ ಕೆಲಸ ಮುಂದಿನ ಶನಿವಾರ ಇದೆ. ಯಜಮಾನರು ಬೆಳಗ್ಗೆ ಏಳಕ್ಕೇ ಬಾ ಅಂದಿದ್ದಾರೆ, ಕರೆಂಟ್ ಹೋಗೋದ್ರೊಳಗೆ.