ಗಾಯಕ್ಕೆ ಬರಲಿರುವ ಜೆಲ್: ಮೂಲ ಕೇಳಿ, ಚಿಕಿತ್ಸೆ ನಿಲ್ಲಿಸಬೇಡಿ

ಇಂಡಿಯ ನಿಂಬೆ ತೋಟದಲ್ಲಿ ದುಡಿಯುವವರ ಕಾಲಿಗೆ ಮುಳ್ಳು ಚುಚ್ಚುವುದು ಹೊಸದೇನಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಮುಳ್ಳು ಹೊಕ್ಕಿದ್ದೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಹುಣ್ಣಾಗಿರುತ್ತದೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲೂ ಈ ಚಿಂತೆ ಇದ್ದದ್ದೇ.

ಇಂಥ ಗಾಯಗಳಿಗಾಗಿ ಜೀವಂತ ಅಂಗಾಂಶವನ್ನೇ ತಯಾರಿಸಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಇದರ ಆಧಾರ ಹೈಡ್ರೋಜೆಲ್. ರಮಝಾನಿನ ಶರಬತ್ತಿಗೆ ನೆನೆಹಾಕಿದ ಸಬ್ಜಾ ಬೀಜದ ಸುತ್ತ ಕಟ್ಟುವ ಲೋಳೆಯನ್ನು ನೆನಪಿಸಿಕೊಳ್ಳಿ. ಅದರಂತೆ ಹೈಡ್ರೋಜೆಲ್‌ನಲ್ಲೂ ಬಹುಪಾಲು ನೀರೇ. ಅದರೊಳಗೆ ಜೀವಕೋಶಗಳನ್ನಿಟ್ಟರೆ ಅವು ಬದುಕುತ್ತವೆ. ಆದರೆ ಮುದ್ದೆ ದಪ್ಪವಾದರೆ ನಡುವಿನ ಕೋಶಗಳಿಗೆ ಆಮ್ಲಜನಕ ಸಾಲುವುದಿಲ್ಲ. ಆದ್ದರಿಂದ ಸಣ್ಣ ತುಣುಕುಗಳನ್ನು ಮಾಡಿ, ನಡುವೆ ಪೋಷಕಾಂಶ ಹರಿಯಲು ದಾರಿ ಬಿಟ್ಟು ಜೋಡಿಸುವ ಪ್ರಯತ್ನ ನಡೆದಿದೆ. ಅಂಗಿಯ ಗುಂಡಿ ತನ್ನ ಕಾಜಕ್ಕೆ ಸೇರುವಂತೆ, ಒಂದು ತುಣುಕಿನ ಮೇಲಿನ ಅಣುಗಳು ಇನ್ನೊಂದರ ಜೊತೆಗಾರ ಅಣುಗಳನ್ನು ಗುರುತಿಸಿ ಅಂಟಿಕೊಳ್ಳುತ್ತವೆ. 2011ರಲ್ಲಿ ಜಪಾನಿನ ಒಸಾಕಾದಲ್ಲಿ ಅಕಿರಾ ಹರಾಡಾ ಅವರ ತಂಡ ಜೆಲ್ ತುಣುಕುಗಳು ಹೀಗೆ ಕೂಡುವುದನ್ನು ತೋರಿಸಿತು. 2013ರಲ್ಲಿ ಟೆಹರಾನ್‌ನಲ್ಲಿ ಹುಟ್ಟಿದ ಅಲಿ ಖಾದೆಮ್‌ಹೊಸೈನಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಡಿಎನ್‌ಎಯನ್ನೇ ಅಂಟಾಗಿ ಬಳಸಿದರು.

ಇಲ್ಲಿ ನಮ್ಮ ಕುಟುಂಬಗಳಿಗೆ ಏಳುವ ಪ್ರಶ್ನೆ: ಈ ಜೆಲ್ ಯಾವುದರಿಂದ ಮಾಡಿದ್ದು? ಪ್ರಯೋಗಾಲಯಗಳಲ್ಲಿ ಬಳಸುವ ಜೆಲಾಟಿನ್ ಅನೇಕ ಬಾರಿ ಹಂದಿಯ ಚರ್ಮದ್ದು. ಆದರೆ ದನ ಮತ್ತು ಮೀನಿನ ಜೆಲಾಟಿನ್ ಕೂಡ ಇದೆ. ಆಲ್ಜಿನೇಟ್ ಸಮುದ್ರದ ಪಾಚಿಯಿಂದ ಬರುತ್ತದೆ. ಒಸಾಕಾದ ಪ್ರಯೋಗದ ಉಂಗುರದಾಕಾರದ ಅಣು ಪಿಷ್ಟದಿಂದ ಆಗುತ್ತದೆ. ಅಂದರೆ ಬೇರೆ ದಾರಿಗಳಿವೆ. ಕೇಳುವವರಿದ್ದರೆ ತಯಾರಕರು ಆ ದಾರಿ ಹಿಡಿಯುತ್ತಾರೆ. ಆದ್ದರಿಂದ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಆದರೆ ಈ ಪ್ರಶ್ನೆ ಚಿಕಿತ್ಸೆಗೆ ಅಡ್ಡಿಯಾಗಬಾರದು. 1995ರಲ್ಲಿ ಕುವೈತ್‌ನಲ್ಲಿ ಸೇರಿದ ವೈದ್ಯರು ಮತ್ತು ವಿದ್ವಾಂಸರ ಸಭೆ, ಪೂರ್ಣ ರೂಪಾಂತರಗೊಂಡ ಜೆಲಾಟಿನ್ ಶುದ್ಧವೆಂದು ಅಭಿಪ್ರಾಯಪಟ್ಟಿತು. ಎಲ್ಲ ಉಲಮಾಗಳೂ ಇದನ್ನು ಒಪ್ಪಿಲ್ಲ. ಸಂಶಯವಿದ್ದರೆ ನೀವು ನಂಬುವ ಆಲಿಮರನ್ನು ವಿಚಾರಿಸಿ, ಆದರೆ ಅದೇ ದಿನ ವಿಚಾರಿಸಿ. ಕೊಳೆಯುವ ಗಾಯ ಯಾರಿಗೂ ಕಾಯುವುದಿಲ್ಲ.

ಕೋಶ ತುಂಬಿದ ಈ ಜೋಡಣೆಯ ಜೆಲ್ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಇವತ್ತೇ ಹೊಸ ಮಾಂಸ ಬೆಳೆಸಿಕೊಡುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ. ಇರುವ ಪಾದವನ್ನು ಉಳಿಸಿಕೊಳ್ಳುವುದು ಮೊದಲ ಕೆಲಸ. ಅದಕ್ಕೆ ದಿನವೂ ಅವಕಾಶವಿದೆ. ವುಝೂ ಮಾಡುವಾಗ ಅಂಗಾಲು ತಿರುಗಿಸಿ ನೋಡಿ. ಕಣ್ಣು ಮಂಜಾದ ಹಿರಿಯರಿದ್ದರೆ ಮಕ್ಕಳು ನೋಡಲಿ. ಬೆರಳ ಸಂದಿಯನ್ನು ಒರೆಸಿ ಒಣಗಿಸಿ. ತೋಟಕ್ಕೆ ಬರಿಗಾಲಲ್ಲಿ ಹೋಗಬೇಡಿ. ಗಾಯ ಕಂಡರೆ ಬೂದಿ, ಸುಣ್ಣ ಹಚ್ಚದೆ ಅಂದೇ ವೈದ್ಯರ ಬಳಿಗೆ ಹೋಗಿ.