ಹಳೆಯ ಹಲಗೆ ಎಸೆಯಬೇಡಿ
ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆಯ ಅಟ್ಟಗಳಲ್ಲಿ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಕೇಳಿಸಿದ ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳು ಇನ್ನೂ ಸಿಕ್ಕಾವು. ಅವುಗಳೊಳಗಿನ ಕಂದು ಹಲಗೆಯೆಂದರೆ ಫೀನಾಲಿಕ್ ರಾಳ ಕುಡಿಸಿದ ಕಾಗದ. ಪದೇ ಪದೇ ಬೆಸುಗೆಯ ಕಾವು ತಾಗಿದರೆ ಅದರ ತಾಮ್ರದ ಗೆರೆ ಸಿಪ್ಪೆಯಂತೆ ಏಳುತ್ತದೆ. ಹೊಸ ಹಲಗೆ ಮಾಡಬಹುದು. ಆದರೆ ಹಳೆಯದು ಗುಜರಿಗೆ ಹೋಯಿತೋ, ಕೆಲಸ ಕೆಟ್ಟಿತು. ಎಷ್ಟೋ ಸಲ ಉಳಿದಿರುವ ನಕ್ಷೆ ಅದೊಂದೇ.

ತಾಮ್ರ ಹೊದಿಸಿದ ಹಲಗೆಯ ಮೇಲೆ ಗೆರೆಗಳನ್ನು ಅಳಿಯದ ಶಾಯಿಯಲ್ಲಿ ಬರೆದು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿಟ್ಟರೆ, ಶಾಯಿಯಿಲ್ಲದ ಕಡೆಯ ತಾಮ್ರ ಕರಗುತ್ತದೆ. ನಕಲು ತೆಗೆಯುವಾಗ ತಾಮ್ರದ ಬದಿಯನ್ನೇ ನೋಡಬೇಕು. ಬಿಡಿಭಾಗಗಳ ಬದಿಯಿಂದ ತೆಗೆದರೆ ಎಲ್ಲ ಕನ್ನಡಿಬಿಂಬ. ಟ್ರಾನ್ಸಿಸ್ಟರಿನ ಕಾಲುಗಳು ತಪ್ಪು ಜಾಗಕ್ಕೆ ಬೀಳುತ್ತವೆ! ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಕಳಿಸಿದರೆ ಮಾಡಿಕೊಡುವವರೂ ಇದ್ದಾರೆ. ಒಂದೇ ಬೇಕಾದವರಿಗೆ ಕೈಕೆಲಸವೇ ಸಲೀಸು. ಬಳಸಿದ ದ್ರಾವಣದಲ್ಲಿ ತಾಮ್ರದ ಲವಣವಿರುತ್ತದೆ. ಚರಂಡಿಗೆ ಸುರಿಯುವುದು ಬೇಡ. ರಾಮದುರ್ಗದವರಿಗಂತೂ ಮಲಪ್ರಭೆ ಪಕ್ಕದಲ್ಲೇ ಇದ್ದಾಳೆ.